ಶಾಲೆಯ ಖರ್ಚು, ಹಿರಿಯರ ಮನೆ: ನ್ಯೂಜೆರ್ಸಿಯ ಓದುಗರೊಬ್ಬರಿಗೆ ಉತ್ತರ

ನ್ಯೂಜೆರ್ಸಿಯ ಮಿಡ್ಲ್‌ಸೆಕ್ಸ್ ಕೌಂಟಿಯಿಂದ ನಮ್ಮ ಹಳೆಯ ಓದುಗರೊಬ್ಬರು ಕಾಗದ ಬರೆದಿದ್ದಾರೆ. ವಯಸ್ಸು 73. ನಿವೃತ್ತ ಫಾರ್ಮಸಿಸ್ಟ್. ಹೆಸರು ಹಾಕಬೇಡಿ ಎಂದಿದ್ದಾರೆ. ಕಾಗದದ ಸಾರ ಇಷ್ಟು: "ಯಜಮಾನರು ಹೋದ ಮೇಲೆ ಒಂದೇ ಸೋಷಿಯಲ್ ಸೆಕ್ಯೂರಿಟಿ (ಸರ್ಕಾರದ ನಿವೃತ್ತಿ ವೇತನ). ಮನೆ ಸಾಲ ಎಂದೋ ತೀರಿದೆ. ಆದರೂ ವರ್ಷಕ್ಕೆ 12,600 ಡಾಲರ್ ಪ್ರಾಪರ್ಟಿ ಟ್ಯಾಕ್ಸ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಲೆಗೆ. ನನ್ನ ಮಕ್ಕಳ ಓದು ಯಾವಾಗಲೋ ಮುಗಿಯಿತು. ಈಗ ಬಂದವರ ಮಕ್ಕಳಿಗೆ ನಾನೇಕೆ ಕಟ್ಟಬೇಕು? ಹಿರಿಯರೆಲ್ಲ ಸೇರಿ ಶಾಲೆಯ ಬಜೆಟ್ ವಿರುದ್ಧ ಓಟು ಹಾಕೋಣ ಎನ್ನುತ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಂಗಿ ಇದರ ಅರ್ಧವೂ ಕಟ್ಟುವುದಿಲ್ಲ. ನಮಗೇಕೆ ಹಾಗಿಲ್ಲ?"

ಅಮ್ಮಾ, ನಮಸ್ಕಾರ.

ನೀವು ಕೇಳಿದ್ದು ಸ್ವಾರ್ಥದ ಪ್ರಶ್ನೆ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. "ಅಷ್ಟು ದೊಡ್ಡ ಮನೆ ಇಟ್ಟುಕೊಂಡು ಕೊರಗುವುದೇಕೆ, ಮಾರಿಬಿಡಲಿ" ಎನ್ನುವವರು ನಮ್ಮ ಕಿರಿಯರಲ್ಲಿ ಬಹಳ ಜನ ಇದ್ದಾರೆ. ಆ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. ಮನೆಯ ಬೆಲೆ ಏರಿದ ಮಾತ್ರಕ್ಕೆ ಕೈಗೆ ದುಡ್ಡು ಬರುವುದಿಲ್ಲ. 2025ರಲ್ಲಿ ಸೋಷಿಯಲ್ ಸೆಕ್ಯೂರಿಟಿ ಏರಿದ್ದು ಶೇ. 2.5. ಅದೇ ವರ್ಷ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಪಾರ್ಟ್ ಬಿ ಕಂತು ತಿಂಗಳಿಗೆ 174.70 ಡಾಲರ್‌ನಿಂದ 185ಕ್ಕೆ ಹೋಯಿತು. ಏರಿದ್ದರಲ್ಲಿ ಒಂದು ಪಾಲು ಅಲ್ಲೇ ಕರಗಿತು. ಮನೆ ಸಾಲ ಇರುವವರ ತೆರಿಗೆ ಬ್ಯಾಂಕಿನ ಕಂತಿನ ಜೊತೆ ಹೋಗಿಬಿಡುತ್ತದೆ, ಅವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ನೀವು ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಬಂತೆಂದರೆ ಕೂತು ಚೆಕ್ ಬರೆಯಬೇಕು. ಬಾಕಿ 1,500 ಡಾಲರ್ ದಾಟಿದರೆ ಶೇ. 18ರ ತನಕ ಬಡ್ಡಿ. ನಿಮ್ಮ ಭಯ ನಿಜವಾದದ್ದು.

ನ್ಯೂಜೆರ್ಸಿಯಲ್ಲಿ ಮನೆಗಳ ಸರಾಸರಿ ತೆರಿಗೆ 2024ರಲ್ಲಿ 10 ಸಾವಿರ ಡಾಲರ್ ದಾಟಿತು. ಇಡೀ ಅಮೆರಿಕದಲ್ಲಿ ಇದೇ ಜಾಸ್ತಿ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಶಾಲೆಗೆ. ಉಳಿದದ್ದು ಟೌನ್‌ಶಿಪ್‌ಗೆ ಮತ್ತು ಕೌಂಟಿಗೆ.

ಮನೆಗಳ ಬೆಲೆ ಏರಿದ್ದರಿಂದ ಶಾಲೆಗೆ ಸುಮ್ಮನೆ ಹಣ ಹರಿದು ಬರುತ್ತಿದೆ ಎಂದು ನೀವು ಬರೆದಿದ್ದೀರಿ. ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ. ಲೆಕ್ಕ ನಡೆಯುವುದು ಬೇರೆ ರೀತಿ. ಊರ ಜಾತ್ರೆಗೆ ಮೊದಲು ಒಟ್ಟು ಖರ್ಚು ಗೊತ್ತುಮಾಡಿ, ಆಮೇಲೆ ಮನೆಮನೆಗೆ ವಂತಿಗೆ ಹಾಕುತ್ತಾರಲ್ಲ, ಹಾಗೆ. ಸ್ಕೂಲ್ ಬೋರ್ಡ್ ತನಗೆ ಬೇಕಾದ ಒಟ್ಟು ಹಣ ಹೇಳುತ್ತದೆ. ಅದನ್ನು ಎಲ್ಲರ ಆಸ್ತಿಯ ಬೆಲೆಗೆ ತಕ್ಕಂತೆ ಹಂಚುತ್ತಾರೆ. ಊರಿನ ಎಲ್ಲ ಮನೆಗಳೂ ಒಂದೇ ಸಮ ಏರಿದರೆ ನಿಮ್ಮ ಪಾಲು ಬದಲಾಗುವುದಿಲ್ಲ. ಉಳಿದವರಿಗಿಂತ ನಿಮ್ಮ ಮನೆ ಜಾಸ್ತಿ ಏರಿದ್ದರೆ ಮಾತ್ರ ನಿಮ್ಮ ಪಾಲು ಬೆಳೆಯುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡು: ಒಟ್ಟು ಮೊತ್ತ ಯಾಕೆ ಏರುತ್ತಿದೆ, ಮತ್ತು ಅದರಲ್ಲಿ ಇಷ್ಟೊಂದನ್ನು ಮನೆ, ಆಸ್ತಿಗಳ ಮೇಲೆ ಹೇರಿದ್ದು ಯಾಕೆ?

ಮೊದಲನೆಯದಕ್ಕೆ ಉತ್ತರ ಸುಲಭ. ಶಾಲೆಯ ಖರ್ಚಿನಲ್ಲಿ ಬಹುಪಾಲು ಸಂಬಳ ಮತ್ತು ಆರೋಗ್ಯ ವಿಮೆ. ವಿಮೆಯ ಕಂತು ಈಚೆಗೆ ವಿಪರೀತ ಏರಿದೆ. ವಿಶೇಷ ಅಗತ್ಯ ಇರುವ ಮಕ್ಕಳ ಕಲಿಕೆ, ದೂರದ ಮಕ್ಕಳಿಗೆ ಬಸ್ಸು, ಇವನ್ನು ಕಡಿಮೆ ಮಾಡಲು ಕಾನೂನು ಬಿಡುವುದಿಲ್ಲ, ಬಿಡಲೂ ಬಾರದು. 2018ರ ಕಾನೂನು ರಾಜ್ಯದ ಅನುದಾನವನ್ನು ಮರುಹಂಚಿಕೆ ಮಾಡಿತು. ಕೆಲವು ಶಾಲಾ ಜಿಲ್ಲೆಗಳಿಗೆ ಲಾಭವಾಯಿತು, ಕೆಲವಕ್ಕೆ ವರ್ಷ ವರ್ಷ ಕಡಿತ ಬಂತು. ಕಡಿತ ಬಂದ ಊರಿನಲ್ಲಿ ಹೊರೆ ಮತ್ತೆ ಮನೆಗಳ ಮೇಲೆ. 2011ರಿಂದ ಒಟ್ಟು ತೆರಿಗೆ ಮೊತ್ತದ ಏರಿಕೆಗೆ ವರ್ಷಕ್ಕೆ ಶೇ. 2ರ ಮಿತಿ ಇದೆ, ನಿಜ. ಆದರೆ ವಿಮೆ, ಕಟ್ಟಡದ ಸಾಲ ಮುಂತಾದವಕ್ಕೆ ವಿನಾಯಿತಿ ಇದೆ. ಮಿತಿಯೊಳಗೇ ಇದ್ದರೂ ಹತ್ತು ವರ್ಷಕ್ಕೆ ಸುಮಾರು ಶೇ. 22 ಏರುತ್ತದೆ.

ಎರಡನೆಯ ಪ್ರಶ್ನೆಗೆ ಒಂದು ಕಥೆಯೇ ಇದೆ. ನಮ್ಮವರಲ್ಲಿ ಬಹಳ ಜನ ಇಲ್ಲಿಗೆ ಬರುವ ಮೊದಲು ನಡೆದದ್ದು. 1973ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ರಾಬಿನ್ಸನ್ ಮೊಕದ್ದಮೆಯಲ್ಲಿ ಒಂದು ತೀರ್ಪು ಕೊಟ್ಟಿತು. ಶಾಲೆಗಳನ್ನು ಹೀಗೆ ಊರಿನ ಆಸ್ತಿ ತೆರಿಗೆಯ ಮೇಲೆ ನಡೆಸಿದರೆ ಬಡ ಊರಿನ ಮಕ್ಕಳಿಗೆ ಸಂವಿಧಾನ ಮಾತುಕೊಟ್ಟ ಶಿಕ್ಷಣ ಸಿಗುವುದಿಲ್ಲ ಎಂದಿತು. ಶಾಸಕರು ಕಾನೂನು ಮಾಡಿದರು, ಹಣ ಇಡಲಿಲ್ಲ. ಆಗ ರಾಜ್ಯದಲ್ಲಿ ಈಗಿನಂಥ ಆದಾಯ ತೆರಿಗೆ ಇರಲಿಲ್ಲ. ಕೊನೆಗೆ ಕೋರ್ಟು 1976ರ ಜುಲೈ 1ರಿಂದ ಶಾಲೆಗಳಿಗೆ ಹಣ ಖರ್ಚು ಮಾಡುವುದನ್ನೇ ತಡೆಯಿತು. ಇಡೀ ರಾಜ್ಯದ ಸರ್ಕಾರಿ ಶಾಲೆಗಳು ಬಾಗಿಲು ಹಾಕಿದವು. ಬೇಸಿಗೆ ರಜೆ, ಆದ್ದರಿಂದ ಬೇಸಿಗೆ ತರಗತಿಗಳಿಗೆ ಮಾತ್ರ ಪೆಟ್ಟಾಯಿತು. ಕೆಲವೇ ದಿನಗಳಲ್ಲಿ ಗವರ್ನರ್ ಬ್ರೆಂಡನ್ ಬರ್ನ್ ಅವರ ಕಾಲದಲ್ಲಿ ಆದಾಯ ತೆರಿಗೆ ಬಂತು. ಆ ತೆರಿಗೆಯ ಹಣ ಆಸ್ತಿ ತೆರಿಗೆಯ ಹೊರೆ ಇಳಿಸುವುದಕ್ಕೇ ಹೋಗಬೇಕು ಎಂದು ಸಂವಿಧಾನದಲ್ಲೂ ಬರೆದರು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣ ಇದೆ. ದುಡಿಮೆ ಇರುವವರು ಆದಾಯಕ್ಕೆ ತಕ್ಕಂತೆ ಕೊಡಲಿ, ಮನೆಯ ಮೇಲಿನ ಹೊರೆ ಇಳಿಯಲಿ ಎಂಬ ಮಾತನ್ನು ಈ ರಾಜ್ಯ ಐವತ್ತು ವರ್ಷದ ಹಿಂದೆಯೇ ಒಪ್ಪಿಕೊಂಡಿದೆ. ನೀವು ಕೇಳುತ್ತಿರುವುದು ದಾನ ಅಲ್ಲ, ಆ ಮಾತನ್ನು ಪೂರ್ತಿ ನಡೆಸಿಕೊಡಿ ಎಂದು. ಕೇಳಬೇಕಾದ ಜಾಗ ರಾಜಧಾನಿ ಟ್ರೆಂಟನ್. ನಿಮ್ಮ ಬೀದಿಯ ಕೊನೆಯಲ್ಲಿರುವ ಎಲಿಮೆಂಟರಿ ಶಾಲೆ ಅಲ್ಲ.

ಇನ್ನು ಓಟಿನ ವಿಷಯ. 2010ರ ಏಪ್ರಿಲ್‌ನಲ್ಲಿ ಇಂಥದ್ದೇ ಆಯಿತು. ಗವರ್ನರ್ ಕ್ರಿಸ್ ಕ್ರಿಸ್ಟಿ ಶಾಲೆಗಳ ಅನುದಾನ ಕಡಿದರು. ಶಿಕ್ಷಕರು ಸಂಬಳ ಏರಿಕೆ ಬಿಟ್ಟುಕೊಡದ ಊರುಗಳಲ್ಲಿ ಬಜೆಟ್ ತಿರಸ್ಕರಿಸಿ ಎಂದು ಜನರಿಗೆ ಹೇಳಿದರು. ಅರ್ಧಕ್ಕಿಂತ ಹೆಚ್ಚು ಬಜೆಟ್‌ಗಳು ಬಿದ್ದವು. ಶಿಕ್ಷಕರು ಕೆಲಸ ಕಳೆದುಕೊಂಡರು, ಮಕ್ಕಳ ಆಟಪಾಠಗಳು ನಿಂತವು. ಆದರೆ ಹಿರಿಯರ ಬಿಲ್ಲು ಅದರಿಂದ ಹಗುರ ಆಗಲಿಲ್ಲ. ಈಗಂತೂ ಆ ದಾರಿ ಬಹುತೇಕ ಮುಚ್ಚಿದೆ. 2012ರ ಕಾನೂನಿನ ನಂತರ ಬಹಳಷ್ಟು ಜಿಲ್ಲೆಗಳು ಬೋರ್ಡ್ ಚುನಾವಣೆಯನ್ನು ನವೆಂಬರ್‌ಗೆ ಹಾಕಿಕೊಂಡಿವೆ. ಅಲ್ಲಿ ಮಿತಿಯೊಳಗಿನ ಬಜೆಟ್ ಓಟಿಗೆ ಬರುವುದೇ ಇಲ್ಲ.

ನಿಮ್ಮ ತಂಗಿಯವರ ಮಾತು. ಕ್ಯಾಲಿಫೋರ್ನಿಯಾದಲ್ಲಿ 1978ರ ಪ್ರೊಪೊಸಿಷನ್ 13 ಪ್ರಕಾರ ತೆರಿಗೆಗೆ ಕೊಂಡ ಬೆಲೆಯೇ ಆಧಾರ. ತೆರಿಗೆ ಹಾಕುವ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರುವಂತಿಲ್ಲ. ಹಳೆಯ ಮನೆಯವರಿಗೆ ನೆಮ್ಮದಿ. ಆದರೆ ಪಕ್ಕದಲ್ಲಿ ಈಗ ತಾನೇ ಅಂಥದ್ದೇ ಮನೆ ಕೊಂಡ ಹುಡುಗ ಹುಡುಗಿ ಹಲವು ಪಟ್ಟು ಕಟ್ಟುತ್ತಾರೆ. ಅವರಲ್ಲಿ ನಮ್ಮ ಕನ್ನಡದ ಮಕ್ಕಳೂ ಎಷ್ಟೋ ಜನ ಇದ್ದಾರೆ. ಅನುಕೂಲ ಶ್ರೀಮಂತ ಮುದುಕರಿಗೂ ಸಿಕ್ಕಿತು, ದೊಡ್ಡ ಕಂಪನಿಗಳ ಜಮೀನಿಗೂ ಸಿಕ್ಕಿತು. ನನಗೆ ಆ ದಾರಿ ಇಷ್ಟವಿಲ್ಲ.

ನ್ಯೂಜೆರ್ಸಿಯ 'ಸೀನಿಯರ್ ಫ್ರೀಜ್' ಅದಕ್ಕಿಂತ ಒಳ್ಳೆಯದು. ನೀವು ಪೂರ್ತಿ ಬಿಲ್ಲು ಕಟ್ಟುತ್ತೀರಿ. ಮೂಲ ವರ್ಷದಿಂದ (ನೀವು ಅರ್ಹರಾಗಿ ಅರ್ಜಿ ಹಾಕಿದ ಮೊದಲ ವರ್ಷ) ಈಚೆಗೆ ಏರಿದ್ದಷ್ಟನ್ನು ರಾಜ್ಯ ನಿಮಗೆ ವಾಪಸು ಕೊಡುತ್ತದೆ. ಶಾಲೆಗೆ ಒಂದು ಡಾಲರೂ ಕಡಿಮೆಯಾಗುವುದಿಲ್ಲ. 65 ದಾಟಿರಬೇಕು, ಅದೇ ಮನೆಯಲ್ಲಿ ಕೆಲವು ವರ್ಷ ಇದ್ದಿರಬೇಕು. 2024ಕ್ಕೆ ಆದಾಯದ ಮಿತಿ 1 ಲಕ್ಷ 68 ಸಾವಿರ ಡಾಲರ್‌ಗಿಂತ ಸ್ವಲ್ಪ ಮೇಲಿತ್ತು. ನಿಮ್ಮ ಆದಾಯ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಅರ್ಜಿ ಹಾಕಿದ್ದೇನೆ ಎಂದು ಕಾಗದದಲ್ಲಿ ಎಲ್ಲೂ ಹೇಳಿಲ್ಲ. ಹಾಕಿಲ್ಲದಿದ್ದರೆ ದಯವಿಟ್ಟು ಈ ವರ್ಷವೇ ಹಾಕಿ. ತಡಮಾಡಿದಷ್ಟೂ ಮೂಲ ವರ್ಷ ಮುಂದೆ ಹೋಗುತ್ತದೆ, ಅಷ್ಟರೊಳಗೆ ಏರಿದ ತೆರಿಗೆ ನಿಮ್ಮ ತಲೆಗೇ ಉಳಿಯುತ್ತದೆ.

ಇದರ ಜೊತೆ 'ಆ್ಯಂಕರ್' ಎಂಬ ರಾಜ್ಯದ ತೆರಿಗೆ ನೆರವು ಇದೆ. 2024ರ ಲೆಕ್ಕಕ್ಕೆ ಆದಾಯ ಒಂದೂವರೆ ಲಕ್ಷದೊಳಗಿದ್ದ ಹಿರಿಯ ಮನೆಮಾಲೀಕರಿಗೆ 1,750 ಡಾಲರ್ ಇತ್ತು. 2023ರಲ್ಲಿ ಬಂದ 'ಸ್ಟೇ ಎನ್‌ಜೆ' ಕಾನೂನು ಇನ್ನೂ ದೊಡ್ಡದು. ಎಲ್ಲ ನೆರವೂ ಸೇರಿ ನಿಮ್ಮ ತೆರಿಗೆಯ ಅರ್ಧ ಆಗುವ ಹಾಗೆ, 6,500 ಡಾಲರ್ ಮೀರದಂತೆ ರಾಜ್ಯ ತುಂಬಿಕೊಡಬೇಕು ಎನ್ನುತ್ತದೆ. ಕಾನೂನು ಬರೆದ ಹಾಗೇ ನಡೆದರೆ ನಿಮ್ಮ 12,600ರಲ್ಲಿ 6,300 ವಾಪಸು ಬರಬೇಕು. ಮೂರಕ್ಕೂ ಪಿಎಎಸ್-1 ಎಂಬ ಒಂದೇ ಅರ್ಜಿ. ಮೊತ್ತವೂ ಆದಾಯ ಮಿತಿಯೂ ಆಯಾ ವರ್ಷದ ರಾಜ್ಯ ಬಜೆಟ್ ಮೇಲೆ ನಿಂತಿವೆ, ಹಾಗಾಗಿ ಆ ವರ್ಷದ ಅರ್ಜಿಯ ಸೂಚನೆಗಳನ್ನೇ ಓದಿ. ನಿಮ್ಮ ಟೌನ್‌ಶಿಪ್‌ನ ಸೀನಿಯರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಕೊಡುತ್ತಾರಾ ಎಂದು ಒಂದು ಫೋನ್ ಮಾಡಿ ಕೇಳಿ.

ಒಂದು ಮಾತು ನಮ್ಮ ಕೆಲವು ಓದುಗರಿಗೆ ಹಿಡಿಸಲಿಕ್ಕಿಲ್ಲ, ಆದರೂ ಹೇಳಬೇಕು. ಸ್ಟೇ ಎನ್‌ಜೆ ಕಾನೂನು ಮಾಡಿದಾಗ ಆದಾಯದ ಮಿತಿ ಇಟ್ಟದ್ದು 5 ಲಕ್ಷ ಡಾಲರ್. ಇದು ತಪ್ಪು. ವರ್ಷಕ್ಕೆ ನಾಲ್ಕು ಲಕ್ಷ ಬರುವ ಹಿರಿಯರ ತೆರಿಗೆಗೆ ರಾಜ್ಯ ಹಣ ಕೊಡುವ ಅಗತ್ಯವೇ ಇಲ್ಲ. ಆ ಹಣ ನಿಮ್ಮಂಥವರಿಗೆ ಬರಲಿ, ಇಲ್ಲವೇ ಶಾಲೆಗೆ ಹೋಗಲಿ.

ಮಕ್ಕಳು ನಿಮ್ಮನ್ನು ಮನ್ರೋ ಕಡೆಯ, 55 ದಾಟಿದವರಿಗೆಂದೇ ಇರುವ ಬಡಾವಣೆಗೆ ಬಂದುಬಿಡಿ ಎನ್ನುತ್ತಿದ್ದಾರಂತೆ. ಮೆಟ್ಟಿಲು ಹತ್ತುವುದು ಕಷ್ಟವಾಗಿದ್ದರೆ, ಒಂಟಿತನ ಕಾಡುತ್ತಿದ್ದರೆ ಖಂಡಿತ ಹೋಗಿ. ಶಾಲಾ ತೆರಿಗೆ ತಪ್ಪುತ್ತದೆ ಎಂದು ಮಾತ್ರ ಹೋಗಬೇಡಿ. ಅಲ್ಲೂ ಕಟ್ಟಬೇಕು. ಮನೆ ಬದಲಿಸಿದರೆ ಫ್ರೀಜ್‌ನ ಲೆಕ್ಕವೂ ಹೊಸದಾಗಿ ಶುರುವಾಗುತ್ತದೆ.

ಈಗ ನಿಮ್ಮ ಕಾಗದದಲ್ಲಿ ನನಗೆ ನೋವಾದ ಮಾತಿಗೆ ಬರುತ್ತೇನೆ. "ಈಗ ಬಂದವರ ಮಕ್ಕಳಿಗೆ" ಎಂದಿರಿ. ಎಂಐಟಿಯ ಅರ್ಥಶಾಸ್ತ್ರಜ್ಞ ಜೇಮ್ಸ್ ಪೊಟರ್ಬಾ 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಿರಿಯರ ಪಾಲು ಹೆಚ್ಚಿರುವ ರಾಜ್ಯಗಳಲ್ಲಿ ಪ್ರತಿ ಮಗುವಿನ ಮೇಲಿನ ಖರ್ಚು ಕಡಿಮೆ ಇತ್ತು. ಹಿರಿಯರು ಒಂದು ಜನಾಂಗ, ಮಕ್ಕಳು ಇನ್ನೊಂದು ಜನಾಂಗ ಆಗಿದ್ದ ಕಡೆ ಇನ್ನೂ ಕಡಿಮೆ. ನಿಮ್ಮ ಮಕ್ಕಳು ಆ ಶಾಲೆಗೆ ಸೇರಿದಾಗ ಹೊಸಬರು ನಾವೇ ಆಗಿದ್ದೆವು, ಅಲ್ವಾ? ಊರಿನ ಹಳೆಯ ಇಟಾಲಿಯನ್, ಐರಿಷ್, ಹಂಗೇರಿಯನ್ ಅಜ್ಜ ಅಜ್ಜಿಯರು ಕಟ್ಟಿದ ತೆರಿಗೆಯಲ್ಲಿ ನಿಮ್ಮ ಮಗ ಕ್ಯಾಲ್ಕುಲಸ್ ಕಲಿತ. ನಮ್ಮ ಯುಗಾದಿ ನಾಟಕಗಳು ನಡೆದದ್ದು ಇಂಥ ಹೈಸ್ಕೂಲುಗಳ ಆಡಿಟೋರಿಯಂಗಳಲ್ಲಿ.

ಆದರೆ ಇದನ್ನು ಋಣದ ಮಾತಾಗಿ ನಿಲ್ಲಿಸಲು ನನಗೆ ಇಷ್ಟವಿಲ್ಲ. ಲೆಕ್ಕವೂ ನಿಮ್ಮ ಕಡೆಗೇ ಇದೆ. ಈ ರಾಜ್ಯದಲ್ಲಿ ಒಂದು ಮಗುವಿನ ಶಾಲೆಗೆ ವರ್ಷಕ್ಕೆ 20 ಸಾವಿರ ಡಾಲರ್‌ಗಿಂತ ಹೆಚ್ಚು ಖರ್ಚಾಗುತ್ತದೆ. ನೀವು ಶಾಲೆಗೆ ಹತ್ತಿರ ಹತ್ತಿರ 7 ಸಾವಿರ ಕೊಡುತ್ತೀರಿ, ಮಕ್ಕಳನ್ನು ಯಾರನ್ನೂ ಕಳಿಸುವುದಿಲ್ಲ. ನಾಳೆ ಬಿಲ್ಲು ತಡೆಯಲಾರದೆ ಮನೆ ಮಾರಿದಿರಿ ಎನ್ನಿ. ಎರಡು ಮಕ್ಕಳಿರುವ ಸಂಸಾರ ಬರುತ್ತದೆ. ತೆರಿಗೆ ಬರುವುದು ಅಷ್ಟೇ. ಶಾಲೆಗೆ ಎರಡು ಮಕ್ಕಳು ಜಾಸ್ತಿ. ಅಂಥ ಸಂಸಾರ ಬರಬಾರದು ಎಂದು ನಾನು ಹೇಳುತ್ತಿಲ್ಲ, ಬರಲೇಬೇಕು. ಹಿರಿಯರು ಊರು ಬಿಟ್ಟಷ್ಟೂ ಶಾಲೆಯ ಲೆಕ್ಕ ಬಿಗಿಯಾಗುತ್ತದೆ ಎಂಬುದನ್ನು ಸ್ಕೂಲ್ ಬೋರ್ಡಿನವರೂ ಎಳೆಯ ಅಪ್ಪ ಅಮ್ಮಂದಿರೂ ತಿಳಿಯಬೇಕು. ನೀವು ಆ ಮನೆಯಲ್ಲಿ ನೆಮ್ಮದಿಯಾಗಿರುವುದು ಅವರ ಮಕ್ಕಳಿಗೂ ಬೇಕಾದದ್ದು. ಹಿರಿಯರ ನೆರವಿಗಾಗಿ ಟ್ರೆಂಟನ್‌ಗೆ ಹೋಗಿ ಮಾತಾಡಬೇಕಾದವರು ಆ ಅಪ್ಪ ಅಮ್ಮಂದಿರು. ಶಾಲೆಯ ಅನುದಾನಕ್ಕಾಗಿ ನೀವೂ ಅವರ ಜೊತೆ ಹೋಗಬೇಕು.

ಹಾಗಾಗಿ ಬಜೆಟ್ ಸಭೆಗೆ ಖಂಡಿತ ಹೋಗಿ. ಸಾಮಾನ್ಯವಾಗಿ ಏಪ್ರಿಲ್ ಕೊನೆಗೆ, ಇಲ್ಲವೇ ಮೇ ಮೊದಲ ವಾರ ನಡೆಯುತ್ತದೆ. 'ಯೂಸರ್ ಫ್ರೆಂಡ್ಲಿ ಬಜೆಟ್' ಎಂಬ ದಾಖಲೆಯನ್ನು ಜಿಲ್ಲೆಯ ವೆಬ್‌ಸೈಟಿನಲ್ಲಿ ಹಾಕಲೇಬೇಕು. ನಿಮ್ಮಷ್ಟು ವರ್ಷ ಔಷಧಿಯ ಲೆಕ್ಕ ಇಟ್ಟವರಿಗೆ ಅದು ಕಷ್ಟವಾಗದು. ವಿಮೆಯ ಕಂತು ಎಷ್ಟು ಏರಿತು, ಬೇರೆ ವಿಮೆಗೆ ಬೆಲೆ ಕೇಳಿದಿರಾ ಎಂದು ಕೇಳಿ. ಪಕ್ಕದ ಜಿಲ್ಲೆಯ ಜೊತೆ ಬಸ್ಸು ಹಂಚಿಕೊಳ್ಳಬಹುದಾ ಎಂದು ಕೇಳಿ. ರಾಜ್ಯದ ಅನುದಾನ ಏರಿತೋ ಇಳಿಯಿತೋ ಕೇಳಿ. ಶಾಲೆಯ ಮಿತ್ರರಾಗಿ ಕೇಳುವ ಪ್ರಶ್ನೆಯನ್ನು ತಳ್ಳಿಹಾಕುವುದು ಬೋರ್ಡಿಗೆ ಸುಲಭವಲ್ಲ. ಸಭೆಗೆ ಹೋಗಲು ಕಾರಿನ ತೊಂದರೆ ಇದ್ದರೆ ಕನ್ನಡ ಕೂಟದ ಎಳೆಯರನ್ನು ಕೇಳಿ. ಅವರ ಮಕ್ಕಳೇ ಅಲ್ಲವೇ ಆ ಶಾಲೆಯಲ್ಲಿ ಓದುತ್ತಿರುವುದು?

ಪಿಎಎಸ್-1 ಅರ್ಜಿಯನ್ನು ಸಾಲು ಸಾಲಾಗಿ ಕನ್ನಡದಲ್ಲಿ ವಿವರಿಸುವ ಲೇಖನವೊಂದನ್ನು ಮುಂದಿನ ಸಂಚಿಕೆಗೆ ಸಿದ್ಧಪಡಿಸುತ್ತಿದ್ದೇವೆ. ಯಜಮಾನರು ತೀರಿಕೊಂಡ ಮೇಲೆ ಮನೆಯ ಪತ್ರ ನಿಮ್ಮೊಬ್ಬರ ಹೆಸರಿಗೆ ಬಂದಿದೆಯೇ ಎಂದು ಅಷ್ಟರಲ್ಲಿ ನೋಡಿಟ್ಟುಕೊಳ್ಳಿ. ಅರ್ಜಿ ತುಂಬುವಾಗ ಎಲ್ಲಿ ತೊಡಕಾದರೂ ನಮಗೆ ಬರೆಯಿರಿ.

— ಸಂಪಾದಕ