ಹೊಟ್ಟೆ ಕೆಟ್ಟಿಲ್ಲ, ಬಿಟ್ಟಿದ್ದು ಜಾಸ್ತಿಯಾಗಿದೆ

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ. ಮನೆ ಸಾಗರದ ಹತ್ತಿರ, ಕೆಲಸ ಶಿವಮೊಗ್ಗದಲ್ಲಿ. ದಿನಾ ಬಸ್ಸಿನ ಓಡಾಟ. ಎರಡು ವರ್ಷದಿಂದ ಬೆಳಿಗ್ಗೆ ಹೊಟ್ಟೆ ಹಿಂಡುತ್ತದೆ, ಮನೆ ಬಿಡುವುದರೊಳಗೆ ಮೂರು ಸಲ ಟಾಯ್ಲೆಟ್‌ಗೆ ಓಡಬೇಕು. ಹೋಗಿ ಬಂದರೆ ನೋವು ಇಳಿಯುತ್ತದೆ. ಆದರೂ ಬಸ್ಸು ಆನಂದಪುರ ಮುಟ್ಟುವಷ್ಟರಲ್ಲಿ ಮತ್ತೆ ಶುರು. ಭಾನುವಾರ ಇಷ್ಟು ಇರಲ್ಲ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಕೊಲೊನೋಸ್ಕೋಪಿ ಎಲ್ಲ ನಾರ್ಮಲ್. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಅಂದಿದ್ದಾರೆ. ಒಬ್ಬರು ಹಾಲು ಬಿಡು ಅಂದರು, ಇನ್ನೊಬ್ಬರು ಹಲಸು, ಮತ್ತೊಬ್ಬರು ಬೇಳೆ, ಖಾರ. ಎಲ್ಲ ಬಿಟ್ಟು ಈಗ ಗಂಜಿ, ಮಜ್ಜಿಗೆಯಲ್ಲೇ ಇದ್ದೇನೆ. 4 ಕೆಜಿ ಇಳಿದಿದ್ದೇನೆ. ಬೆಳಿಗ್ಗೆ ಕಾಫಿ ಆದ ಮೇಲೆ ಒಂದು ಕವಳ (ಎಲೆ ಅಡಿಕೆ) ಹಾಕುವ ಅಭ್ಯಾಸವಿದೆ, ತಂಬಾಕಿಲ್ಲ. ಇದು ಮುಂದೆ ಕ್ಯಾನ್ಸರ್ ಆಗುತ್ತದಾ?

ಉತ್ತರ: ಆಗುವುದಿಲ್ಲ. ಐಬಿಎಸ್ ಕ್ಯಾನ್ಸರಿಗೆ ತಿರುಗುವ ಕಾಯಿಲೆಯಲ್ಲ, ಆಯಸ್ಸನ್ನು ಕಡಿಮೆ ಮಾಡುವುದೂ ಇಲ್ಲ.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಆ 4 ಕೆಜಿ. ಐಬಿಎಸ್‌ನಿಂದ ತೂಕ ಇಳಿಯುವುದಿಲ್ಲ. ಊಟ ಬಿಟ್ಟ ಮೇಲೆ ಇಳಿಯಿತಾ, ಚೆನ್ನಾಗಿ ಉಣ್ಣುತ್ತಿದ್ದಾಗಲೇ ಇಳಿಯಿತಾ ಎಂದು ನೆನಪು ಮಾಡಿಕೊಳ್ಳಿ. ಮೊದಲನೆಯದಾದರೆ ಕಾರಣ ಗಂಜಿ. ಎರಡನೆಯದಾದರೆ ನಿಮ್ಮ ಡಾಕ್ಟರಿಗೆ ಈ ವಾರವೇ ತಿಳಿಸಿ. ಮಲದಲ್ಲಿ ರಕ್ತ, ಜ್ವರ, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೂ ಅಷ್ಟೇ. ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ ಅದನ್ನೂ ಮುಚ್ಚಿಡಬೇಡಿ.

ಎರಡು ಪರೀಕ್ಷೆ ಆಗಿದೆಯಾ ಅಂತ ಕೇಳಿ. ಒಂದು, ಮಲ ಪರೀಕ್ಷೆ. ಗುಡ್ಡದ ಅಬ್ಬಿ ನೀರನ್ನು ಕಾಯಿಸದೆ ಕುಡಿಯುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅಂಥ ನೀರಿನಿಂದ ಬರುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಥೇಟ್ ಐಬಿಎಸ್ ಹಾಗೆಯೇ ಕಾಡುತ್ತದೆ, ಮಾತ್ರೆಗೆ ವಾಸಿಯಾಗುತ್ತದೆ. ಎರಡು, ಗೋಧಿಯಲ್ಲಿರುವ ಗ್ಲುಟೆನ್ ಕರುಳಿಗೆ ಒಗ್ಗದ ಸೀಲಿಯಾಕ್ ಕಾಯಿಲೆಯ ರಕ್ತ ಪರೀಕ್ಷೆ. ಇದನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ನಾರ್ಮಲ್ ಅಂತ ಬರಬಹುದು.

ಇವೆರಡೂ ಸರಿಯಿದ್ದರೆ ನಿಮ್ಮದು ಐಬಿಎಸ್ಸೇ. ಮೂರು ತಿಂಗಳಿಂದ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು, ಮಲ ವಿಸರ್ಜನೆಗೂ ನೋವಿಗೂ ನಂಟು, ಮಲದ ರೀತಿಯಲ್ಲಿ ಬದಲಾವಣೆ: ಐಬಿಎಸ್ ಗುರುತಿಸಲು ಡಾಕ್ಟರುಗಳು ಬಳಸುವ 2016ರ ರೋಮ್ ಮಾನದಂಡ ಕೇಳುವುದು ಹೆಚ್ಚುಕಡಿಮೆ ಇದನ್ನೇ. ಕರುಳಿನಲ್ಲಿ ಗಾಯವಿಲ್ಲ, ಹುಣ್ಣಿಲ್ಲ. ಸ್ವಲ್ಪ ಗಾಳಿ ತುಂಬಿದರೂ, ಸ್ವಲ್ಪ ಹಿಗ್ಗಿದರೂ ಅದರ ನರಗಳು ನೋವು ಎಂದು ಕೂಗುತ್ತವೆ. ಹಾಗಂತ ಇದು ಮನಸ್ಸಿನ ಕಲ್ಪನೆಯಲ್ಲ. ‘ಸುಮ್ನೆ ಟೆನ್ಷನ್ ಮಾಡ್ಕೋಬೇಡಿ’ ಎಂದು ಕಳಿಸುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ.

ಈಗ ಊಟದ ವಿಷಯ. ನೀವು ಬಿಟ್ಟಿದ್ದು ತಪ್ಪಲ್ಲ. ಬಿಟ್ಟದ್ದನ್ನು ವಾಪಸ್ ತರಲಿಲ್ಲವಲ್ಲ, ತೊಂದರೆ ಅಲ್ಲಿದೆ. ಕೆಲವು ಆಹಾರದಲ್ಲಿರುವ ಸಕ್ಕರೆಯ ಅಂಶಗಳು ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೆಯಾಗುವುದಿಲ್ಲ. ಅವು ನೀರು ಎಳೆದುಕೊಂಡು ಕೆಳಗಿಳಿಯುತ್ತವೆ, ದೊಡ್ಡ ಕರುಳಿನಲ್ಲಿ ಹುದುಗಿ ಗ್ಯಾಸ್ ಆಗುತ್ತವೆ. ಇವಕ್ಕೆ ಒಟ್ಟಾಗಿ ಫಾಡ್‌ಮ್ಯಾಪ್ ಎನ್ನುತ್ತಾರೆ. ಇವನ್ನು ಕಡಿಮೆ ಮಾಡುವ ಪಥ್ಯವನ್ನು ರೂಪಿಸಿದ್ದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯ. ಅದರ ಪಟ್ಟಿಯನ್ನು ಮೊಬೈಲಿನಲ್ಲಿ ನೋಡಿ ಬೇಡದ್ದನ್ನೆಲ್ಲ ಬಿಡುವವರು ಬಹಳ ಜನ. ಅದು ಜೀವನಪೂರ್ತಿ ಮಾಡುವ ಪಥ್ಯವಲ್ಲ ಎಂಬುದನ್ನು ಮಾತ್ರ ಯಾರೂ ಓದುವುದಿಲ್ಲ. ಬಿಡುವುದು ನಾಲ್ಕು ವಾರ, ಹೆಚ್ಚೆಂದರೆ ಆರು. ಆಮೇಲೆ ಒಂದೊಂದಾಗಿ ವಾಪಸ್.

ಪುಣ್ಯಕ್ಕೆ ಮಲೆನಾಡಿನ ಅಡುಗೆಮನೆ ಈ ಪಥ್ಯಕ್ಕೆ ಅರ್ಧ ತಯಾರಾಗಿಯೇ ಇದೆ. ಅನ್ನ, ಅಕ್ಕಿ ರೊಟ್ಟಿ, ಕಡುಬು, ನೀರ್ ದೋಸೆ, ಅವಲಕ್ಕಿ ಎಲ್ಲ ಅಕ್ಕಿಯವೇ, ತೊಂದರೆಯಿಲ್ಲ. ರೊಟ್ಟಿ ಹಿಟ್ಟಿಗೆ ಈರುಳ್ಳಿ ಹಾಕಬೇಡಿ, ಅಷ್ಟೇ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ ಮೂರರಲ್ಲೂ ಇರುವುದು ಫ್ರಕ್ಟಾನ್ ಎಂಬ ಅಂಶ, ತೊಂದರೆ ಕೊಡುವುದರಲ್ಲಿ ಇದು ಮುಂದೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಇಂಗಿನ ಒಗ್ಗರಣೆಯಲ್ಲೇ ಅಡುಗೆ ಮುಗಿಸುವ ಮನೆ ನಿಮ್ಮ ಕಡೆ ಬೇಕಷ್ಟಿವೆ. ಶುಂಠಿ ತಂಬುಳಿ, ಅಪ್ಪೆಹುಳಿ, ಸೌತೆಕಾಯಿ ಹಸಿ (ಮೊಸರು ಬೆರೆಸಿದ ಪಚಡಿ) ಮಾಡಿಸಿಕೊಳ್ಳಿ. ಹಸಿಮೆಣಸು ಕಡಿಮೆ ಇರಲಿ. ಬೆಳ್ಳುಳ್ಳಿ ಪರಿಮಳ ಬೇಕೇ ಬೇಕು ಅಂದರೆ ಎಸಳನ್ನು ಎಣ್ಣೆಯಲ್ಲಿ ಕಾಯಿಸಿ, ಎಸಳು ತೆಗೆದುಹಾಕಿ, ಅದೇ ಎಣ್ಣೆಯಲ್ಲಿ ಒಗ್ಗರಣೆ ಕೊಡಿ. ಫ್ರಕ್ಟಾನ್ ನೀರಿಗೆ ಬಿಡುತ್ತದೆ, ಎಣ್ಣೆಗೆ ಬಿಡುವುದಿಲ್ಲ.

ಹಲಸಿನ ಹಣ್ಣು, ಅಣಬೆ, ಗೋಡಂಬಿ, ರಾಜ್ಮಾ, ಕಾಬೂಲಿ ಕಡಲೆ ಈ ನಾಲ್ಕು ವಾರ ಬೇಡ. ಬೇಳೆ ಪೂರ್ತಿ ಬಿಡಬೇಡಿ, ಪ್ರೋಟೀನ್ ಎಲ್ಲಿಂದ ಬರಬೇಕು? ನೆನೆಸಿ, ಆ ನೀರು ಚೆಲ್ಲಿ, ಬೇಯಿಸಿ, ಸ್ವಲ್ಪವೇ ಹಾಕಿಕೊಳ್ಳಿ. ಮೊಟ್ಟೆ, ಮೀನು ತಿನ್ನುವವರಾದರೆ ಅವು ಧಾರಾಳವಾಗಿ ಇರಲಿ. ಹಾಲು ನಿಲ್ಲಿಸಿ. ಮೊಸರು, ಮಜ್ಜಿಗೆ ಬಹಳ ಜನರಿಗೆ ಒಗ್ಗುತ್ತದೆ. ಕಷಾಯ ಒಳ್ಳೆಯದು ಅಂತ ದಿನಾ ಎರಡು ಲೋಟ ಕುಡಿಯುವವರು ಒಂದು ಮರೆಯುತ್ತಾರೆ. ಜೀರಿಗೆ, ಕೊತ್ತಂಬರಿ ಪುಡಿ ಒಂದು ಚಮಚ, ಹಾಲು ಅರ್ಧ ಲೋಟ! ನೀರಿನಲ್ಲೇ ಕುದಿಸಿ ಕುಡಿಯಿರಿ.

ನಾಲ್ಕು ವಾರದಲ್ಲಿ ಹೊಟ್ಟೆ ತಣ್ಣಗಾದರೆ ಮೊದಲು ಹಾಲು ತನ್ನಿ. ಮೊದಲ ದಿನ ಅರ್ಧ ಲೋಟ, ಮರುದಿನ ಮುಕ್ಕಾಲು, ಮೂರನೇ ದಿನ ಒಂದು ಲೋಟ. ಏನೂ ಆಗದಿದ್ದರೆ ಹಾಲಿನದ್ದು ತಪ್ಪಿಲ್ಲ. ಎರಡು ಮೂರು ದಿನ ಬಿಟ್ಟು ಗೋಧಿ. ಆಮೇಲೆ ಈರುಳ್ಳಿ. ಹಲಸಿನ ಕಾಲವಾಗಿದ್ದರೆ ಎರಡು ತೊಳೆಯಿಂದ ಶುರು ಮಾಡಿ. ಕೊನೆಗೆ ಕಾಟ ಕೊಡುವುದು ಎರಡೋ ಮೂರೋ ಪದಾರ್ಥ ಅಂತ ಗೊತ್ತಾಗುತ್ತದೆ, ಅವೂ ಪ್ರಮಾಣ ಮೀರಿದಾಗ ಮಾತ್ರ. ಒಂದು ನೋಟ್ ಪುಸ್ತಕದಲ್ಲಿ ತಿಂದಿದ್ದು, ಹೊತ್ತು, ಹೊಟ್ಟೆಯ ಸ್ಥಿತಿ ಬರೆದಿಡಿ. ನಾಲ್ಕು ವಾರ ಕಳೆದರೂ ಏನೂ ಫರಕಿಲ್ಲದಿದ್ದರೆ ನಿಮ್ಮದು ಊಟದ ಐಬಿಎಸ್ ಅಲ್ಲ. ಪಥ್ಯ ನಿಲ್ಲಿಸಿ, ಎಲ್ಲ ಉಣ್ಣಿ. ತೂಕ ಆಗಲೇ ಇಳಿದಿರುವುದರಿಂದ ಡಯಟೀಷಿಯನ್ ಒಬ್ಬರ ಕಣ್ಣಳತೆಯಲ್ಲಿ ಮಾಡಿದರೆ ಒಳ್ಳೆಯದು.

ಇನ್ನು ಬಸ್ಸು. ಭಾನುವಾರ ಇಷ್ಟು ನೋವಿರಲ್ಲ ಅಂದಿರಲ್ಲ, ಭಾನುವಾರವೂ ಉಣ್ಣುತ್ತೀರಿ ಅಲ್ವಾ? ಹೊಟ್ಟೆಗೆ ಏನಾದರೂ ಬಿದ್ದ ಕೂಡಲೇ ದೊಡ್ಡ ಕರುಳು ಚಲಿಸಲು ಶುರು ಮಾಡುತ್ತದೆ. ಎಲ್ಲರಿಗೂ ಹಾಗೇ, ಐಬಿಎಸ್ ಇದ್ದವರಿಗೆ ಜೋರು. ಕಾಫಿ ಅದನ್ನು ಇನ್ನೂ ಓಡಿಸುತ್ತದೆ. ನೀವು ಎದ್ದು, ಸ್ಟ್ರಾಂಗ್ ಕಾಫಿ ಕುಡಿದು, ಕವಳ ಹಾಕಿ, ಗಡಿಯಾರ ನೋಡುತ್ತಾ ಓಡುತ್ತೀರಿ. ಅಡಿಕೆಯಲ್ಲಿರುವ ಅರೆಕೋಲಿನ್ ಕೂಡ ಕರುಳನ್ನು ಚುರುಕು ಮಾಡುವ ವಸ್ತುವೇ. ಅಡಿಕೆ ಸೀಮೆಯಲ್ಲಿ ಕೂತು ಇದನ್ನು ಹೇಳಿದರೆ ಬೈಸಿಕೊಳ್ಳಬೇಕು, ಆದರೂ ಹೇಳುತ್ತೇನೆ: ತಂಬಾಕು ಇರಲಿ ಬಿಡಲಿ, ಬಾಯಿ ಕ್ಯಾನ್ಸರಿಗೆ ಅಡಿಕೆ ಒಂದೇ ಸಾಕು. ಕ್ಯಾನ್ಸರ್ ಭಯ ನಿಮಗಿದ್ದರೆ ಹೊಟ್ಟೆಯ ಬಗ್ಗೆ ಬೇಡ, ಕವಳದ ಬಗ್ಗೆ ಇರಲಿ.

ಮುಕ್ಕಾಲು ಗಂಟೆ ಬೇಗ ಏಳಿ. ತಿಂಡಿ ಮನೆಯಲ್ಲೇ, ಬಸ್ಸಿಗಿಂತ ಒಂದು ಗಂಟೆ ಮುಂಚೆ ಮುಗಿಯಲಿ. ಕರುಳಿನ ಗಲಾಟೆ ಮನೆಯಲ್ಲೇ ಆಗಿ ಹೋಗಲಿ. ಕಾಫಿ ಆಫೀಸ್ ಮುಟ್ಟಿದ ಮೇಲೆ. ಭಯಕ್ಕೆ ಖಾಲಿ ಹೊಟ್ಟೆಯಲ್ಲಿ ಬಂದು ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ತಿರ ಪೂರಿ ಸಾಗು ತಿಂದರೆ ಅದೇ ಗಲಾಟೆ ಆಫೀಸಿನಲ್ಲಿ ಆಗುತ್ತದೆ. ಸಮಯ ಹೊಂದುವ ದಿನ ತಾಳಗುಪ್ಪ ಕಡೆಯಿಂದ ಬರುವ ರೈಲು ಹಿಡಿಯಿರಿ. ಬೋಗಿಯಲ್ಲಿ ಟಾಯ್ಲೆಟ್ ಇದೆ ಎಂಬ ಧೈರ್ಯಕ್ಕೇ ಎಷ್ಟೋ ಜನರ ಹೊಟ್ಟೆ ಸುಮ್ಮನಾಗುತ್ತದೆ. ತಪ್ಪಿಸಲಾಗದ ಪ್ರಯಾಣಕ್ಕೆ ಭೇದಿ ತಡೆಯುವ ಲೋಪೆರಮೈಡ್ ಮಾತ್ರೆ ಇದೆ. ಯಾವಾಗ, ಎಷ್ಟು ಅಂತ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ಸಂಜೆ ಅರ್ಧ ಗಂಟೆ ಬಿರುಸು ನಡಿಗೆ ಇರಲಿ. ಕೊಯ್ಲಿನ ದಿನಗಳಲ್ಲಿ ನಡುರಾತ್ರಿವರೆಗೆ ಅಡಿಕೆ ಸುಲಿದು ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವವರಿಗೆ ಆಗಲೇ ಜಾಸ್ತಿಯಾಗುವುದು, ಮನೆಯಲ್ಲಿ ತೋಟವಿದ್ದರೆ ಗಮನಿಸಿ. ಡಾಕ್ಟರು ಅಮಿಟ್ರಿಪ್ಟಿಲಿನ್ ಎಂಬ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಬರೆದರೆ ‘ಇದು ಡಿಪ್ರೆಶನ್ ಮಾತ್ರೆ’ ಅಂತ ಮೂಲೆಗೆ ಹಾಕಬೇಡಿ. ಕರುಳಿನ ನರಗಳನ್ನು ಅದು ಶಾಂತ ಮಾಡುತ್ತದೆ. 2023ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಐಬಿಎಸ್‌ಗೆ ಅದರಿಂದ ಉಪಯೋಗವಾಗಿದ್ದು ಕಂಡಿದೆ.

ಪ್ರಶ್ನೆ: ನನಗೆ 52. ತೀರ್ಥಹಳ್ಳಿ. ಆರು ತಿಂಗಳಿಂದ ಮಲಬದ್ಧತೆ, ಹೊಟ್ಟೆ ಉಬ್ಬರ. ಮೊದಲು ಹೀಗಿರಲಿಲ್ಲ. ತಂಗಿಗೆ ಐಬಿಎಸ್ ಇದೆ, ಅವಳು ತೆಗೆದುಕೊಳ್ಳುವ ಇಸಬ್ಗೋಲ್ ನಾನೂ ತೆಗೆದುಕೊಳ್ಳಬಹುದಾ?

ಉತ್ತರ: ಇಸಬ್ಗೋಲ್‌ನಿಂದ ಕೆಡುಕಿಲ್ಲ. ಒಂದು ಚಮಚದಿಂದ ಶುರು ಮಾಡಿ, ಜೊತೆಗೆ ದೊಡ್ಡ ಲೋಟ ನೀರು ಕುಡಿಯಿರಿ. ಗೋಧಿ ತೌಡು ಬೇಡ, ಉಬ್ಬರ ಹೆಚ್ಚಿಸುತ್ತದೆ. ಆದರೆ ಅಕ್ಕ, 50 ದಾಟಿದ ಮೇಲೆ ಹೊಸದಾಗಿ ಶುರುವಾದದ್ದನ್ನು ನಾನು ಐಬಿಎಸ್ ಅನ್ನುವುದಿಲ್ಲ. ಮೊದಲು ಕೊಲೊನೋಸ್ಕೋಪಿ, ರಕ್ತ ಪರೀಕ್ಷೆ, ಥೈರಾಯ್ಡ್ ಆಗಲಿ. ಉಬ್ಬರ ಬಿಡದೇ ಇದ್ದರೆ ಹೆಂಗಸರಲ್ಲಿ ಅಂಡಾಶಯದ ಸ್ಕ್ಯಾನಿಂಗ್ ಕೂಡ ಬೇಕು. ಹೋಗುವಾಗ ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಯಿಂದಲೂ ಮಲ ಗಟ್ಟಿಯಾಗುತ್ತದೆ.