ಹೇಗ್ ಕೋರ್ಟಿಗೆ ಅಮೀನರಿಲ್ಲ, ಹಾಗಂತ ತೀರ್ಪಿಗೆ ಬೆಲೆ ಇಲ್ವಾ?

ಪ್ರಶ್ನೆ: ನಮ್ಮ ಹೊಲ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಪರಿಹಾರಕ್ಕೆ ಕೋರ್ಟಿಗೆ ಹೋಗಿ ಗೆದ್ದೆವು, ದುಡ್ಡು ಬರಲಿಲ್ಲ. ಕೊನೆಗೆ ಅಮೀನರು ಬಂದು ಕಚೇರಿಯ ಕುರ್ಚಿ, ಜೀಪು ಜಪ್ತಿ ಮಾಡಿದ ಮೇಲೆ ಕೈಗೆ ಸಿಕ್ಕಿತು. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪನ್ನು ಯಾರು ಜಾರಿ ಮಾಡ್ತಾರೆ? ದೊಡ್ಡ ದೇಶ ಒಲ್ಲೆ ಅಂದರೆ?
– ಓದುಗರು, ಬೀಳಗಿ, ಬಾಗಲಕೋಟೆ ಜಿಲ್ಲೆ

ಉತ್ತರ: ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಆ ಕೋರ್ಟಿಗೆ 15 ನ್ಯಾಯಾಧೀಶರಿದ್ದಾರೆ, ಅಮೀನರಿಲ್ಲ. ಅಲ್ಲಿ ನಡೆಯೋದು ದೇಶ ದೇಶಗಳ ಕೇಸು; ಎರಡೂ ದೇಶಗಳ ಒಪ್ಪಿಗೆ ಒಂದಲ್ಲ ಒಂದು ರೀತಿಯಲ್ಲಿ ಇಲ್ಲದಿದ್ದರೆ ಕೇಸೇ ನಡೆಯುವುದಿಲ್ಲ. ಸೋತವರು ತೀರ್ಪು ಪಾಲಿಸದಿದ್ದರೆ ಗೆದ್ದವರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಹೋಗಬಹುದು. ಗಂಟು ಇರೋದು ಅಲ್ಲೇ. ಅಲ್ಲಿ ಐದು ದೇಶಗಳಿಗೆ ವಿಟೊ ಇದೆ, ಅಂದರೆ ಅವುಗಳಲ್ಲಿ ಒಂದು ದೇಶ ಬೇಡ ಅಂದರೂ ನಿರ್ಣಯ ಬಿದ್ದುಹೋಗುತ್ತದೆ.

1986ರಲ್ಲಿ ಮಧ್ಯ ಅಮೆರಿಕದ ಪುಟ್ಟ ದೇಶ ನಿಕರಾಗುವಾ ಅಮೆರಿಕದ ವಿರುದ್ಧ ಗೆದ್ದಿತು. ಬಂಡುಕೋರರಿಗೆ ಆಯುಧ ಕೊಟ್ಟಿದ್ದು, ಬಂದರುಗಳಲ್ಲಿ ಸ್ಫೋಟಕ ಹುದುಗಿಸಿದ್ದು ತಪ್ಪು, ಪರಿಹಾರ ಕೊಡಿ ಅಂತ ಕೋರ್ಟು ಹೇಳಿತು. ಅಮೆರಿಕ ಕೇಳಲಿಲ್ಲ. ವಿಷಯ ಭದ್ರತಾ ಮಂಡಳಿಗೆ ಹೋದಾಗ ಅದೇ ಅಮೆರಿಕ ವಿಟೊ ಹಾಕಿತು. ನಿಕರಾಗುವಾದಲ್ಲಿ 1990ರ ಚುನಾವಣೆಯಲ್ಲಿ ಬೇರೆ ಸರ್ಕಾರ ಬಂತು, ಮರುವರ್ಷ ಪರಿಹಾರದ ಬೇಡಿಕೆಯನ್ನೇ ಕೈಬಿಟ್ಟಿತು. ಇದನ್ನು ನೆನೆದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಆದರೆ ಕೋರ್ಟೇ ವ್ಯರ್ಥ ಅನ್ನಬೇಡಿ. ಬಕಾಸಿ ಅಂತ ಒಂದು ಪ್ರದೇಶ ಇದೆ, ಆಫ್ರಿಕಾದಲ್ಲಿ, ಮೀನು ಮತ್ತು ಎಣ್ಣೆಯ ಸಮುದ್ರದ ಪಕ್ಕ. ಅದು ಕ್ಯಾಮರೂನಿನದು ಅಂತ 2002ರಲ್ಲಿ ತೀರ್ಪು ಬಂತು. ಅಲ್ಲಿ ಸೈನ್ಯ ಇಟ್ಟುಕೊಂಡಿದ್ದು ನೈಜೀರಿಯಾ, ಬಹಳ ದೊಡ್ಡ ದೇಶ. ತೀರ್ಪು ಕೇಳಿ ನೈಜೀರಿಯಾದ ಜನ ಸಿಡಿದೆದ್ದರು. ಆಗ ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಕೋಫಿ ಅನ್ನಾನ್ ಇಬ್ಬರೂ ಅಧ್ಯಕ್ಷರನ್ನು ಮತ್ತೆ ಮತ್ತೆ ಕೂರಿಸಿ ಮಾತಾಡಿಸಿದರು, 2006ರಲ್ಲಿ ಒಪ್ಪಂದ ಆಯಿತು, ಸೈನ್ಯ ಹೊರಟಿತು, 2008ರಲ್ಲಿ ಪೂರ್ತಿ ಹಸ್ತಾಂತರ. ನಿಕರಾಗುವಾದಲ್ಲಿ ತೀರ್ಪಿಗೆ ಅಡ್ಡ ನಿಂತಿದ್ದೂ ರಾಜಕೀಯ, ಇಲ್ಲಿ ಅದಕ್ಕೆ ಕೈಕಾಲು ಕೊಟ್ಟಿದ್ದೂ ರಾಜಕೀಯ.

ನಮ್ಮ ದೇಶವೂ ನೈಜೀರಿಯಾದ ಹಾಗೆ ಸೋತ ತೀರ್ಪನ್ನು ಪಾಲಿಸಿದೆ. 2014ರಲ್ಲಿ ಬಂಗಾಳ ಕೊಲ್ಲಿಯ ಗಡಿ ಕೇಸಿನಲ್ಲಿ (ಇದು ಬೇರೆ ನ್ಯಾಯಮಂಡಳಿ, ಕೂತಿದ್ದು ಹೇಗ್‌ನಲ್ಲೇ) ಜಗಳದಲ್ಲಿದ್ದ ಸಮುದ್ರದ ಮುಕ್ಕಾಲು ಪಾಲು ಬಾಂಗ್ಲಾದೇಶಕ್ಕೆ ಹೋಯಿತು. ಭಾರತ ಒಪ್ಪಿಕೊಂಡಿತು. ಸಣ್ಣ ನೆರೆಯ ದೇಶದ ಮುಂದೆ ಸೋತು ಒಪ್ಪಿಕೊಳ್ಳೋದು ಸಣ್ಣ ಮಾತಲ್ಲ, ಅಲ್ವಾ?

ಪ್ರಶ್ನೆ: ಕುಲಭೂಷಣ್ ಜಾಧವ್ ಕೇಸು ಗೆದ್ದೆವು ಅಂತ ಪಟಾಕಿ ಹೊಡೆದೆವು. ಅವರು ಯಾಕೆ ಇನ್ನೂ ಬಂದಿಲ್ಲ?
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಜಾಧವ್ ನಮ್ಮ ನೌಕಾಪಡೆಯ ಮಾಜಿ ಅಧಿಕಾರಿ, ಗೂಢಚಾರ ಅಂತ ಪಾಕಿಸ್ತಾನದ ಸೇನಾ ಕೋರ್ಟು ಅವರಿಗೆ ಗಲ್ಲು ಶಿಕ್ಷೆ ಕೊಟ್ಟಿತ್ತು. ಬಿಡುಗಡೆ ಮಾಡಿ ಅಂತ ಭಾರತ ಹೇಗ್ ಕೋರ್ಟಿನಲ್ಲಿ ಕೇಳಿತ್ತು ತಂಗಿ, ಕೋರ್ಟು ಅದನ್ನು ಒಪ್ಪಲಿಲ್ಲ. 2019ರ ಜುಲೈ 17ರ ತೀರ್ಪು ಹೇಳಿದ್ದು ಇಷ್ಟು: ನಮ್ಮ ರಾಯಭಾರ ಕಚೇರಿಯವರಿಗೆ ಅವರನ್ನು ಭೇಟಿಯಾಗಲು ಬಿಡದೆ ಪಾಕಿಸ್ತಾನ ವಿಯೆನ್ನಾ ಒಪ್ಪಂದ ಮುರಿದಿದೆ, ಶಿಕ್ಷೆಯನ್ನು ಮರುಪರಿಶೀಲಿಸಬೇಕು, ಅಲ್ಲಿಯವರೆಗೆ ಗಲ್ಲಿಗೇರಿಸುವಂತಿಲ್ಲ. ಟಿವಿಯವರು ‘ಗೆಲುವು’ ಅಂತ ಕೂಗಿದರೇ ಹೊರತು ಇದನ್ನು ಬಿಡಿಸಿ ಹೇಳಲಿಲ್ಲ. ಅದಕ್ಕೇ ನಿಮಗೆ ಈಗ ಬೇಸರ. ಮರುಪರಿಶೀಲನೆಗೆ ಪಾಕಿಸ್ತಾನ 2021ರಲ್ಲಿ ಕಾನೂನು ಮಾಡಿತು. ಅದು ಸಾಲದು, ಲೋಪಗಳಿವೆ ಅಂತ ಭಾರತ ಆಕ್ಷೇಪಿಸಿತು. ಆದರೂ ಒಬ್ಬ ಮನುಷ್ಯನ ಕುತ್ತಿಗೆಯಿಂದ ಹಗ್ಗ ದೂರ ಸರಿಯಿತಲ್ಲ, ಅದು ನನಗೆ ದೊಡ್ಡದು.

ಪ್ರಶ್ನೆ: ಪುಟಿನ್ ಮೇಲೆ ಇದೇ ಕೋರ್ಟಿನ ವಾರಂಟ್ ಇದೆಯಲ್ಲ, ಯಾಕೆ ಹಿಡಿದಿಲ್ಲ?
– ಓದುಗರು, ಬೆಳಗಾವಿ

ಉತ್ತರ: ಇದೇ ಕೋರ್ಟಲ್ಲ. ಅದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ. ಊರು ಒಂದೇ, ಕೆಲಸ ಬೇರೆ. ಮೊದಲನೆಯದು ದೇಶ ದೇಶಗಳ ಜಗಳ ಕೇಳುತ್ತದೆ, ಇದು ವ್ಯಕ್ತಿಗಳನ್ನು ವಿಚಾರಣೆ ಮಾಡುತ್ತದೆ. ವಾರಂಟ್ ಹೊರಟಿದ್ದು 2023ರ ಮಾರ್ಚ್‌ನಲ್ಲಿ. ಹಿಡಿದುಕೊಡಬೇಕಾದವರು ಸದಸ್ಯ ದೇಶಗಳು. ಮರುವರ್ಷ ಪುಟಿನ್ ಸದಸ್ಯ ದೇಶವಾದ ಮಂಗೋಲಿಯಾಕ್ಕೇ ಹೋಗಿ ಬಂದರು, ಯಾರೂ ಮುಟ್ಟಲಿಲ್ಲ. ಮಂಗೋಲಿಯಾಕ್ಕೆ ಪೆಟ್ರೋಲು, ಡೀಸೆಲ್ಲು ಹೆಚ್ಚಾಗಿ ಬರೋದು ರಷ್ಯಾದಿಂದ.