ರಿಪೋರ್ಟ್‌ನಲ್ಲಿ ನೀರು ಪಾಸು, ಆಫೀಸಿನಲ್ಲಿ ಎಲ್ಲರಿಗೂ ಭೇದಿ

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಹೋದ ತಿಂಗಳು ಎರಡೇ ದಿನದಲ್ಲಿ ಸುಮಾರು ಜನಕ್ಕೆ ವಾಂತಿ, ಭೇದಿ ಶುರುವಾಯಿತು. ಎಲ್ಲರೂ ಕುಡಿಯುವುದು ಕ್ಯಾನ್ ನೀರು. ಸಪ್ಲೈ ಮಾಡುವವರು ತೋರಿಸಿದ ಲ್ಯಾಬ್ ರಿಪೋರ್ಟ್‌ನಲ್ಲಿ ‘ಇ. ಕೋಲಿ ಇಲ್ಲ’ ಅಂತಿತ್ತು. ಅಂದಮೇಲೆ ನೀರಿನದ್ದೇನೂ ತಪ್ಪಿಲ್ಲ ಅಲ್ವಾ?
— ಓದುಗರು, ವೈಟ್‌ಫೀಲ್ಡ್

ಉತ್ತರ: ಹಾಗೆ ಹೇಳುವುದಕ್ಕಾಗುವುದಿಲ್ಲ. ರಿಪೋರ್ಟ್ ಸುಳ್ಳು ಅಂತಲ್ಲ. ಅದು ಹುಡುಕಿದ್ದು ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾವನ್ನು. ವಾಂತಿ, ಭೇದಿ ತರುವ ನೋರೋವೈರಸ್ ಅನ್ನುವ ವೈರಸ್ ಅದಕ್ಕಿಂತ ಹತ್ತಾರು ಪಟ್ಟು ಚಿಕ್ಕದು, ಕ್ಲೋರಿನ್‌ಗೂ ಅಷ್ಟು ಬೇಗ ಬಗ್ಗುವುದಿಲ್ಲ. ಇ. ಕೋಲಿ ಸತ್ತ ನೀರಿನಲ್ಲೂ ಅದು ಉಳಿದಿರಬಹುದು.

ನಿಮ್ಮಲ್ಲಿ ಆಗಿದ್ದೇನು ಅಂತ ನಾನು ಇಲ್ಲಿ ಕೂತು ಹೇಳಲಾರೆ. ಆದರೆ ಕ್ಯಾನ್ ನೀರಿನದೇ ಒಂದು ದೊಡ್ಡ ಪ್ರಕರಣ ಸ್ಪೇನಿನ ಕ್ಯಾಟಲೋನಿಯಾದಲ್ಲಿ ನಡೆದಿದೆ. 2016ರ ಏಪ್ರಿಲ್‌ನಲ್ಲಿ ಎರಡು ವಾರದೊಳಗೆ 4,136 ಜನ ವಾಂತಿ, ಭೇದಿ ಅಂತ ಮಲಗಿದರು. ಹೆಚ್ಚಿನವರು ಬಾರ್ಸಿಲೋನಾ, ತರಗೋನಾ ಕಡೆಯ ಆಫೀಸಿನವರು. ಬೇರೆ ಬೇರೆ ಕಂಪನಿ, ಬೇರೆ ಬೇರೆ ಊಟ. ಎಲ್ಲ ಕಡೆ ಇದ್ದದ್ದು ಒಂದೇ, ವಾಟರ್ ಕೂಲರ್. ಅದರ ಮೇಲೆ ಬೋರಲು ಹಾಕುವ ದೊಡ್ಡ ಬಾಟಲಿಗಳ ನೀರು ಪಕ್ಕದ ಪುಟ್ಟ ದೇಶ ಅಂಡೋರಾದ ಬೆಟ್ಟದ ಒಂದು ಬುಗ್ಗೆಯಿಂದ ಬರುತ್ತಿತ್ತು. ಆರು ಸಾವಿರಕ್ಕೂ ಜಾಸ್ತಿ ಬಾಟಲಿಗಳನ್ನು ವಾಪಸ್ ತರಿಸಿದರು.

ಕೂಲರ್ ನೀರಿನಲ್ಲಿ ವೈರಸ್ ಸಿಕ್ಕಿತು. ಆದರೆ ವೈರಸ್ಸಿನ ಜೀನುಗಳನ್ನು ಹುಡುಕುವ ಪಿಸಿಆರ್ ಪರೀಕ್ಷೆಗೆ ಒಂದು ದೋಷ ಇದೆ. ಸತ್ತ ವೈರಸ್ಸನ್ನೂ ಅದು ಎಣಿಸಿಬಿಡುತ್ತದೆ. ಹಾಗಾಗಿ ಅಲ್ಲಿನವರು ಒಂದು ಬಣ್ಣ ಬಳಸಿದರು. ಹೊರಕವಚ ಒಡೆದ ವೈರಸ್ಸಿನೊಳಗೆ ಮಾತ್ರ ಅದು ನುಗ್ಗುತ್ತದೆ, ನುಗ್ಗಿದ್ದು ಲೆಕ್ಕಕ್ಕೆ ಬರುವುದಿಲ್ಲ. ಉಳಿದದ್ದರಿಂದ ಸೋಂಕು ತರಬಲ್ಲದ್ದು ಎಷ್ಟು ಅಂತ ಅಂದಾಜು ಮಾಡಿದರು.

ನನಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದು ಸುಳಿವು. ಸಿಕ್ಕಿದ ನೋರೋವೈರಸ್ ಒಂದೇ ತಳಿಯದಲ್ಲ, ಹಲವು ತಳಿ. ಬಾಟಲಿ ತುಂಬುವ ಒಬ್ಬನ ಕೈ ಕೊಳಕಾಗಿದ್ದರೆ ಸಾಮಾನ್ಯವಾಗಿ ಒಂದೇ ತಳಿ ಸಿಗಬೇಕು. ಹಲವು ಸಿಕ್ಕಿತೆಂದರೆ ಹಲವರ ಹೊಟ್ಟೆಯಿಂದ ಬಂದದ್ದು, ಅಂದರೆ ಕೊಳಚೆ. ಬುಗ್ಗೆಯ ಅಂತರ್ಜಲಕ್ಕೇ ಕೊಳಚೆ ಸೇರಿರಬೇಕು ಅನ್ನುವ ತೀರ್ಮಾನಕ್ಕೆ ಬಂದದ್ದು ಹಾಗೆ.

ನಿಮ್ಮ ಆಫೀಸಿಗೆ ಬರೋಣ. ಎಲ್ಲರೂ ಕಾಯಿಲೆ ಬಿದ್ದವರನ್ನೇ ವಿಚಾರಿಸುತ್ತಾರೆ. ಹುಷಾರಾಗಿದ್ದವರನ್ನು ಕೇಳಿ! ಯಾರು ಮನೆಯಿಂದ ಬಾಟಲಿ ತರುತ್ತಾರೆ? ಯಾವ ಮಹಡಿಗೆ ಬೇರೆ ಕಡೆಯ ಕ್ಯಾನ್ ಬರುತ್ತದೆ? ಕುದ್ದ ಕಾಫಿ ಬಿಟ್ಟರೆ ಬೇರೇನೂ ಮುಟ್ಟದವರು ಯಾರು? ಅವತ್ತು ರಜೆ ಹಾಕಿದ್ದವರು ಯಾರು? ನೀರು ಕುಡಿದವರಲ್ಲಿ ಅರ್ಧ ಜನ ಮಲಗಿ, ಕುಡಿಯದವರಲ್ಲಿ ಒಬ್ಬಿಬ್ಬರು ಮಾತ್ರ ಮಲಗಿದ್ದರೆ ಅನುಮಾನ ಗಟ್ಟಿ. ಒಂದು ಲೋಟ ಕುಡಿದವರಿಗಿಂತ ಐದು ಲೋಟ ಕುಡಿದವರು ಜಾಸ್ತಿ ಮಲಗಿದ್ದರೆ ಇನ್ನೂ ಗಟ್ಟಿ. ಜೊತೆಗೆ ಪ್ರತಿಯೊಬ್ಬರಿಗೂ ಮೊದಲ ವಾಂತಿ ಯಾವ ಹೊತ್ತಿಗೆ ಆಯಿತು ಅಂತ ಬರೆದಿಡಿ. ನೋರೋ ಹೊಟ್ಟೆಗೆ ಹೋದ 12ರಿಂದ 48 ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಹಿಂದಕ್ಕೆ ಎಣಿಸಿದರೆ ಯಾವ ದಿನದ ಕ್ಯಾನ್ ಅಂತ ತಿಳಿಯುತ್ತದೆ.

ಮತ್ತೆ ಮಲದ ಮಾದರಿ. ನಾನು ಲ್ಯಾಬ್‌ನಲ್ಲಿದ್ದಾಗ ಜನ ನೀರನ್ನು ಖುಷಿಯಿಂದ ತಂದುಕೊಡುತ್ತಿದ್ದರು. ಭೇದಿಯದ್ದು ಕೊಡಿ ಅಂದರೆ ಮುಖ ಹಿಂಡಿ, ಆಮೇಲೆ ತರುತ್ತೀವಿ ಅಂತ ಹೋದವರು ವಾಪಸ್ ಬರುತ್ತಿರಲಿಲ್ಲ. ಆದರೆ ವೈರಸ್ ಕೋಟಿಗಟ್ಟಲೆ ಇರುವುದು ಅದರಲ್ಲೇ. ನೀರಿನಲ್ಲಿ ಚದುರಿಹೋಗಿರುತ್ತದೆ, ಲೀಟರುಗಟ್ಟಲೆ ಸೋಸಿ ಹುಡುಕಬೇಕು. ಎರಡೂ ಕಡೆ ಒಂದೇ ತಳಿ ಸಿಕ್ಕರೆ ಕೇಸು ನಿಲ್ಲುತ್ತದೆ. ಆದ್ದರಿಂದ ಆ ಖಾಲಿ ಕ್ಯಾನ್ ತೊಳೆಯಬೇಡಿ. ತಳದಲ್ಲಿ ಉಳಿದ ನೀರನ್ನೂ ಚೆಲ್ಲಬೇಡಿ.

ಪ್ರಶ್ನೆ: ನಲ್ಲಿ ನೀರಿಗೆ ಕೊಳಚೆ ಸೇರುವುದು ಹಳೇ ಪೈಪ್ ಒಡೆದರೆ ಮಾತ್ರವಾ? ಮುಂದುವರಿದ ದೇಶಗಳಲ್ಲಿ ಹಾಗಾಗುವುದಿಲ್ಲ ಅಂತ ನಮ್ಮ ಭಾವನ ವಾದ.
— ಓದುಗರು, ಹಾಸನ

ಉತ್ತರ: ನಿಮ್ಮ ಭಾವನಿಗೆ ನೋಕಿಯಾ ಊರಿನ ಕತೆ ಹೇಳಿ. ಹೌದು, ಮೊಬೈಲ್ ಕಂಪನಿಗೆ ಹೆಸರು ಕೊಟ್ಟ ಫಿನ್ಲೆಂಡಿನ ಊರೇ. 2007ರ ನವೆಂಬರ್ ಕೊನೆಯಲ್ಲಿ ಅಲ್ಲಿನ ಕೊಳಚೆ ಶುದ್ಧೀಕರಣ ಘಟಕದಲ್ಲಿ ಒಂದು ವಾಲ್ವ್ ತೆರೆದೇ ಉಳಿಯಿತು. ಆ ಕಡೆ ಸಂಸ್ಕರಿಸಿದ ಕೊಳಚೆ, ಈ ಕಡೆ ಕುಡಿಯುವ ನೀರು. ಎರಡು ದಿನದಲ್ಲಿ ಸುಮಾರು ನಾಲ್ಕೂವರೆ ಲಕ್ಷ ಲೀಟರ್ ಕೊಳಚೆ ನಲ್ಲಿಗಳಿಗೆ ಹೋಯಿತು. ಎಂಟು ಸಾವಿರಕ್ಕೂ ಹೆಚ್ಚು ಜನ ಮಲಗಿದರು ಅಂತ ಅಂದಾಜು. ರೋಗಿಗಳಲ್ಲಿ ನೋರೋ ಜೊತೆ ಕ್ಯಾಂಪೈಲೋಬ್ಯಾಕ್ಟರ್, ಜಿಯಾರ್ಡಿಯಾ ಎಲ್ಲ ಸಿಕ್ಕವು. ಹೀಗೆ ನಾಲ್ಕಾರು ಬಗೆಯ ರೋಗಾಣು ಒಟ್ಟಿಗೆ ಸಿಕ್ಕರೆ ಮೊದಲು ಹುಡುಕಬೇಕಾದದ್ದು ಕೊಳಚೆ ಪೈಪನ್ನೇ. ಆ ಎರಡು ಪೈಪುಗಳ ನಡುವೆ ವಾಲ್ವ್ ಅನ್ನುವುದೇ ಇರಬಾರದಿತ್ತು, ಬಿಡಿ.

ಪ್ರಶ್ನೆ: ಮಗಳು ವಯನಾಡಿನಲ್ಲಿ ಹಾಸ್ಟೆಲಿನಲ್ಲಿದ್ದಾಳೆ. ಅಲ್ಲಿ ಹಿಂದೆ ನೋರೋ ಬಂದಿತ್ತಂತೆ. ಸ್ಯಾನಿಟೈಸರ್ ಕಳಿಸಿದ್ದೇನೆ, ಸಾಕಾ?
— ಓದುಗರು, ಗುಂಡ್ಲುಪೇಟೆ

ಉತ್ತರ: ಬಂದಿತ್ತು, 2021ರ ನವೆಂಬರ್‌ನಲ್ಲಿ ಪೂಕೋಡಿನ ಪಶುವೈದ್ಯ ಕಾಲೇಜಿನ 13 ವಿದ್ಯಾರ್ಥಿಗಳಿಗೆ. ಗಾಬರಿ ಬೇಡ, ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ವಾಸಿಯಾಗುತ್ತದೆ. ಆದರೆ ಸ್ಯಾನಿಟೈಸರ್ ಸಾಲದು. ಈ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇಲ್ಲ, ಹಾಗಾಗಿ ಆಲ್ಕೋಹಾಲ್ ಅಷ್ಟಾಗಿ ನಾಟುವುದಿಲ್ಲ. ಸೋಪು ಹಾಕಿ ನೀರಿನಲ್ಲಿ ಚೆನ್ನಾಗಿ ತೊಳೆಯಲಿ, ಕುದಿಸಿದ ನೀರು ಕುಡಿಯಲಿ. ನಾಲ್ಕು ಪ್ಯಾಕೆಟ್ ಓಆರ್‌ಎಸ್ ಕಳಿಸಿ. ವಾಸಿಯಾದ ಮೇಲೂ ಎರಡು ದಿನ ಹಾಸ್ಟೆಲಿನ ಅಡುಗೆಮನೆ ಕಡೆ ಹೋಗುವುದು ಬೇಡ ಅನ್ನಿ.